ವೇಳಾಪಟ್ಟಿಯಲ್ಲಿ ಇಲ್ಲದ ದಾರಿ

ವಾರಕ್ಕೆ ಆರು ದಿನ ನಾನು
ಶಿವಮೊಗ್ಗ ಬಸ್‌ಸ್ಟ್ಯಾಂಡಿನ ಗಂಟಲು.
ಗಾಜಿನ ಗೂಡಲ್ಲಿ ಕೂತು, ಮೈಕಿನ ಗುಂಡಿ ಒತ್ತಿ
ತೀರ್ಥಹಳ್ಳಿ ಕೊಪ್ಪ ಶೃಂಗೇರಿ ಒಂದೇ ಉಸಿರಿಗೆ,
ಇನ್ನೊಂದು ಉಸಿರಿಗೆ
ತಪ್ಪಿಸಿಕೊಂಡ ಮಗುವಿನ ಅಂಗಿಯ ಬಣ್ಣ.
ನನ್ನ ಎರಡು ಮಾತಿನ ನಡುವೆ
ಹಾರ್ನುಗಳು ಜಾಗ ಹಿಡಿಯುತ್ತವೆ,
ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದ ಹಾಗೆ.

ಏಳನೆಯ ದಿನ ಅಣ್ಣನ ಹಳೇ ಸೈಕಲ್ಲು
ಸಾಗರದ ಬಸ್ಸಿನ ನೆತ್ತಿಗೇರುತ್ತದೆ.
ಕಂಡಕ್ಟರಿಗೆ ನನ್ನ ಮುಖ ಗೊತ್ತಿಲ್ಲ,
"ಒಂದು ಸಾಗರ" ಅಂದರೆ ಸಾಕು,
ಚೀಟಿ ಹರಿಯುವ ಕೈ ತಡೆದು ನೋಡುತ್ತಾನೆ.
ಲಗೇಜು ಕೇಳುವುದಿಲ್ಲ.

ಗೌಸ್‌ಪೀರನ ಪಂಕ್ಚರ್ ಅಂಗಡಿಯಲ್ಲಿ ನಕಾಶೆ ಇಲ್ಲ.
ಬಕೆಟ್ಟಿನ ನೀರಿಗೆ ಟ್ಯೂಬು ಅದುಮಿ
ಗುಳ್ಳೆ ಕಾಯುತ್ತಾ ಹೇಳಿದ:
"ಸದ್ದು ಬ್ಯಾಡ ಅಂದ್ರೆ, ಅಕ್ಕ, ದಾರಿ ಕೇಳಬೇಡಿ.
ಬಸ್ಸು ಎಲ್ಲಿಂದ ವಾಪಸ್ ತಿರುಗ್ತದೆ ಕೇಳಿ.
ಅಲ್ಲಿಂದ ಮುಂದಕ್ಕೆ ಹೊಡೀರಿ."

ಹೊಡೆದೆ.
ಬಸ್ಸು ತಿರುಗುವ ಧೂಪದ ಮರದ ಸುತ್ತ
ಚಕ್ರದ ಗುರುತು, ಬಳೆಯಷ್ಟು ದುಂಡಗೆ.
ಅದರಾಚೆ ಡಾಂಬರು ಇದೆ, ಯಾರಿಗೂ ಬೇಡದ್ದು,
ನಟ್ಟನಡುವೆ ಹುಲ್ಲಿನ ಬೈತಲೆ.
ಅಕೇಶಿಯಾ ಎಲೆ ಟೈರಿನಡಿ ಹಪ್ಪಳ ಮುರಿಯಿತು.
ಬ್ಯಾಣದಲ್ಲಿ ಕೌಳಿಮಟ್ಟಿ ಕಂಡಿತು. ಇಳಿದೆ, ತಿಂದೆ,
ತುಟಿಗೆ ಹಾಲು ಅಂಟಿಸಿಕೊಂಡೆ.

ಹಿಂದೆ ಯಾರೂ ಬರುತ್ತಿಲ್ಲ ಅನ್ನುವುದು
ಬೆನ್ನಿಗೆ ನಂಬಿಕೆಯಾಗಲು ಮೂರು ಮೈಲಿ ಬೇಕಾಯಿತು.
ಆಮೇಲೆ ಭುಜ ಇಳಿಯಿತು.
ಆಮೇಲೆ ಚೈನು ಕೇಳಿಸಿತು,
ಚೈನಿನ ಹಿಂದೆ ನನ್ನದೇ ಉಸಿರು,
ಐವತ್ತೊಂದು ವರ್ಷದ್ದು, ಏರಿನಲ್ಲಿ ಸ್ವಲ್ಪ ಜಗಳಗಂಟಿ.
ಜಂಬಿಟ್ಟಿಗೆ ದಿಬ್ಬದಲ್ಲಿ ಇಳಿದು ನೂಕಿದೆ,
ನಾಚಿಕೆಯೇನು, ನೋಡಲು ಯಾರಿದ್ದಾರೆ?
ಒಂದು ಕೆಂದಳಿಲು ಇತ್ತು.
ಅದು ಬಾಲ ಸರಿಮಾಡಿಕೊಂಡಿತು.

ಇಳಿಜಾರಲ್ಲಿ ಬ್ರೇಕು ಬಿಟ್ಟೆ.
ಆಮೇಲೆ ದಾರಿ, ಯಾರನ್ನೂ ಕೇಳದೆ,
ನೀರಿಗೆ ಇಳಿಯಿತು.

ಹೌದು, ಹಾಗೇ. ತಿರುವಿಲ್ಲ, ಬೇಲಿಯಿಲ್ಲ, ಹಲಗೆಯಿಲ್ಲ.
ಡ್ಯಾಮು ಕಟ್ಟಿದ ಮೇಲೆ ಹೊಳೆ
ಹಿಂದಕ್ಕೆ ಬಂದು ಕೂತದ್ದು ಎದ್ದೇ ಇಲ್ಲ.
ಬೇಸಿಗೆಗೆ ನೀರು ಜಾರಿದಾಗ
ಬಿರಿದ ಕೆಸರಿನಿಂದ ಇನ್ನೊಂದು ಫರ್ಲಾಂಗು ದಾರಿ ಹೊರಬರುತ್ತದೆ,
ಸೊಂಟದವರೆಗೆ ಹೂತ ಒಂದು ಮೈಲಿಗಲ್ಲೂ:
ಗುಬ್ಬಿಕೊಪ್ಪ ೪.

ಹತ್ತೊಂಬತ್ತು ವರ್ಷ ಊರುಗಳ ಹೆಸರು ಕೂಗಿದವಳು ನಾನು,
ಈ ಹೆಸರು ಒಮ್ಮೆಯೂ ಬಾಯಿಗೆ ಬಂದಿರಲಿಲ್ಲ.
ಸೈಕಲ್ಲು ಕಲ್ಲಿಗೆ ಒರಗಿಸಿ ಗಂಟಲು ಸರಿಮಾಡಿಕೊಂಡೆ
(ಮೈಕಿಲ್ಲದಾಗ ಕೈ ಎಲ್ಲಿಡಬೇಕೋ ತಿಳಿಯುವುದಿಲ್ಲ):
"ಪ್ರಯಾಣಿಕರ ಗಮನಕ್ಕೆ.
ಗುಬ್ಬಿಕೊಪ್ಪಕ್ಕೆ ಹೋಗುವ ಬಸ್ಸು..."

ಹೊರಡಲು ಸಿದ್ಧವಾಗಿದೆ ಎನ್ನಲೇ?
ತಡವಾಗಿದೆ ಎನ್ನಲೇ?
ನೀರು ಆ ಅರ್ಧ ಮಾತನ್ನು ಆಚೆ ದಡಕ್ಕೆ ಒಯ್ದು
ಹಾಗೇ, ಮುಗಿಸದೆ, ವಾಪಸ್ ತಂದುಕೊಟ್ಟಿತು.

ಆಗ ಒಣಬೊಡ್ಡೆಯ ಹಿಂದಿನ ತೆಪ್ಪದಲ್ಲಿ
ಬಲೆ ಬಿಡಿಸುತ್ತಿದ್ದ ಕೆರಿಯಪ್ಪ
(ಹೆಸರು ಆಮೇಲೆ ತಿಳಿಯಿತು)
ತಲೆಯೆತ್ತದೆ ಕೇಳಿದ:
"ಎಷ್ಟನೇ ಪ್ಲಾಟ್‌ಫಾರಮ್ಮು?"

ನನಗೆ ನಗು ಬಂತು. ಅವನಿಗೆ ಬರಲಿಲ್ಲ.
ಅವನ ಅವ್ವ ಆ ಊರಿನವಳಂತೆ.
"ನಾಲ್ಕು ಮೈಲಿ ಅಂತ ಬರ್ದಿದಾರೆ," ಅಂದ,
"ಈಗ ನಾಲ್ಕಾಳು ನೀರು, ಅಷ್ಟೇ."
ಎರಡು ಮೀನು ಸಾಗುವಾನಿ ಎಲೆಯಲ್ಲಿ ಸುತ್ತಿ
ಕ್ಯಾರಿಯರಿಗೆ ಬಿಗಿದುಕೊಟ್ಟ. ದುಡ್ಡು ಮುಟ್ಟಲಿಲ್ಲ.
ಧೂಪದ ಮರದವರೆಗೂ ನಾನು ಬೆಲ್ಲು ಒತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಆರೂಕಾಲರ ಗಾಡಿಗೆ
ಆನಂದಪುರ, ಸಾಗರ ಅಂದು
ತಾಳಗುಪ್ಪ ಅನ್ನುವ ಮೊದಲು
ಒಂದು ಉಸಿರು ಖಾಲಿ ಬಿಟ್ಟೆ.
ಯಾರೂ ಗಮನಿಸಲಿಲ್ಲ.
ಒಂದು ಹಾರ್ನು ಓಡಿಬಂದು
ಅಲ್ಲಿ ಟವೆಲ್ ಹಾಕಿತು.